ತಾಪಮಾನದ ಸುದ್ದಿಯನ್ನು ಒರೆಗೆ ಹಚ್ಚುವುದು ಹೇಗೆ

ಭೂಮಿ ಬಿಸಿಯಾಗುವ ಸುದ್ದಿಯಲ್ಲಿ ಎರಡು ಬಗೆಯ ಎಡವಟ್ಟು ಕಾಣಿಸುತ್ತದೆ. ಒಂದು, ಕಡ್ಡಿಯನ್ನು ಗುಡ್ಡ ಮಾಡುವುದು: ‘ಇನ್ನು 12 ವರ್ಷಕ್ಕೆ ಭೂಮಿ ಖಲಾಸ್’. ಇನ್ನೊಂದು, ಗುಡ್ಡವನ್ನು ಕಡ್ಡಿ ಮಾಡುವುದು: ‘ಈ ಸಲ ಹಿಮ ಜಾಸ್ತಿ ಬಿದ್ದಿದೆ, ಬಿಸಿಯೇರಿಕೆ ಎಲ್ಲ ಬೊಗಳೆ’. ಎರಡನ್ನೂ ಹಿಡಿಯುವ ಉಪಾಯ ಒಂದೇ. ಹೇಳಿದವರು ಯಾವ ಕಡೆಯವರು ಎಂದು ನೋಡಬೇಡಿ, ಹೇಳಿದ ವಾಕ್ಯದಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡಿ. ಬೇಕಾಗುವುದು ಒಂದು ಹಾಳೆ, ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಮತ್ತು ಇಪ್ಪತ್ತು ನಿಮಿಷ.

ಶೀರ್ಷಿಕೆ ಬಿಡಿ, ವಾಕ್ಯ ಹಿಡಿಯಿರಿ

ಶೀರ್ಷಿಕೆ ಕೊಡುವುದು ಸಾಮಾನ್ಯವಾಗಿ ವರದಿಗಾರರಲ್ಲ, ಡೆಸ್ಕಿನಲ್ಲಿ ಕೂತವರು. ಹಾಗಾಗಿ ಶೀರ್ಷಿಕೆಗೂ ಒಳಗಿನ ವರದಿಗೂ ತಾಳೆಯಾಗದೆ ಇರುವುದು ಮಾಮೂಲು. ವರದಿಯೊಳಗೆ ಅಂಕಿ ಇರುವ ಒಂದೇ ಒಂದು ವಾಕ್ಯ ಹುಡುಕಿ ಹಾಳೆಯ ಮೇಲೆ ಬರೆದುಕೊಳ್ಳಿ. ಅಂಕಿಯೇ ಸಿಗದಿದ್ದರೆ ಅದು ಅಭಿಪ್ರಾಯ. ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಸಿಕ್ಕರೆ ಅದರ ಕೆಳಗೆ ಐದು ಪ್ರಶ್ನೆ ಬರೆಯಿರಿ: ಎಷ್ಟು? ಯಾವುದಕ್ಕಿಂತ? ಯಾವಾಗಿನಿಂದ ಯಾವಾಗಿನವರೆಗೆ? ಎಲ್ಲಿ? ಎಷ್ಟು ಖಚಿತ? ವರದಿಯಲ್ಲಿ ಉತ್ತರ ಸಿಗದ ಪ್ರಶ್ನೆಗೆ ಸುತ್ತು ಹಾಕಿ. ಸುದ್ದಿ ಸೋರುವುದು ಬಹುಪಾಲು ಆ ಸುತ್ತಿನ ಒಳಗೇ.

‘ಹವಾಮಾನ’ ಎಂಬ ಪದದ ಬಗ್ಗೆ ಇಲ್ಲೇ ಒಂದು ಮಾತು. ನಾಳೆ ಮಳೆ ಬರುತ್ತದೋ ಇಲ್ಲವೋ ಎಂಬುದಕ್ಕೂ ನಾವು ಹವಾಮಾನ ಎನ್ನುತ್ತೇವೆ, ಮೂವತ್ತು ವರ್ಷದ ಸರಾಸರಿಗೂ ಹವಾಮಾನ ಎನ್ನುತ್ತೇವೆ. ಎರಡನೆಯದಕ್ಕೆ ಪಠ್ಯಪುಸ್ತಕಗಳಲ್ಲಿ ‘ವಾಯುಗುಣ’ ಎಂಬ ಒಳ್ಳೆಯ ಪದ ಇದೆ, ಸುದ್ದಿಮನೆಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಒಂದು ವಾರದ ಚಳಿ ತೋರಿಸಿ ನೂರು ವರ್ಷದ ಏರಿಕೆಯನ್ನು ಅಲ್ಲಗಳೆಯುವವರೂ, ಒಂದು ದಿನದ ಬಿಸಿಲು ತೋರಿಸಿ ಅದನ್ನು ಸಾಧಿಸುವವರೂ ಈ ಪದದ ಮರೆಯಲ್ಲೇ ನಿಂತಿರುತ್ತಾರೆ. ವಾಕ್ಯ ಬರೆದುಕೊಳ್ಳುವಾಗ ಇದು ದಿನದ ಮಾತೋ ವಾಯುಗುಣದ ಮಾತೋ ಎಂದು ಪಕ್ಕದಲ್ಲಿ ಗುರುತು ಹಾಕಿ.

ಯಾವುದಕ್ಕಿಂತ?

ಅತಿ ಹೆಚ್ಚು ಗೊಂದಲ ಇಲ್ಲಿ. 2024ನೇ ವರ್ಷವನ್ನೇ ತೆಗೆದುಕೊಳ್ಳಿ. ಯುರೋಪಿನ ಕೋಪರ್ನಿಕಸ್ ಸಂಸ್ಥೆ ಅದನ್ನು 1850–1900ರ ಸರಾಸರಿಗಿಂತ 1.60 ಡಿಗ್ರಿ ಸೆಲ್ಸಿಯಸ್ ಹೆಚ್ಚು ಎಂದಿತು. ವಿಶ್ವ ಹವಾಮಾನ ಸಂಸ್ಥೆ ಆರು ದತ್ತಾಂಶಗಳನ್ನು ಕೂಡಿಸಿ 1.55 ಎಂದಿತು, ಜೊತೆಗೆ 0.13ರಷ್ಟು ಹೆಚ್ಚುಕಡಿಮೆ ಇರಬಹುದು ಎಂದೂ ಹೇಳಿತು. ನಾಸಾ ಹೇಳಿದ್ದು 1.28. ಕೋಪರ್ನಿಕಸ್ ವರದಿಯಲ್ಲೇ ಇನ್ನೊಂದು ಕಡೆ 0.72 ಎಂದಿದೆ. ‘ವಿಜ್ಞಾನಿಗಳಿಗೇ ಒಮ್ಮತ ಇಲ್ಲ’ ಎಂದು ಇದನ್ನು ಎತ್ತಿ ತೋರಿಸುವವರಿದ್ದಾರೆ. ಆದರೆ ನಾಸಾ ಹೋಲಿಸುವುದು 1951–1980ರ ಸರಾಸರಿಗೆ, 0.72 ಬಂದಿರುವುದು 1991–2020ರ ಸರಾಸರಿಗೆ. ಒಬ್ಬನೇ ಮನುಷ್ಯನ ಎತ್ತರವನ್ನು ನೆಲದಿಂದ, ಮೆಟ್ಟಿಲಿನಿಂದ, ಕುರ್ಚಿಯಿಂದ ಅಳೆದ ಹಾಗೆ. ಬಿಸಿಯೇರಿಕೆಗೆ ಮಿತಿ ಹಾಕಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದ 1.5 ಡಿಗ್ರಿಗೆ ಹೋಲಿಸಬೇಕಾದರೆ 1850–1900ರ ಬುಡವೇ ಬೇಕು. ಅದೂ ಒಂದು ವರ್ಷದ ಅಂಕಿಯನ್ನಲ್ಲ, ಸುಮಾರು ಇಪ್ಪತ್ತು ವರ್ಷದ ಸರಾಸರಿಯನ್ನು. ಒಂದು ವರ್ಷ 1.5 ದಾಟಿದ ಕೂಡಲೇ ‘ಪ್ಯಾರಿಸ್ ಮಿತಿ ಮುರಿಯಿತು’ ಎಂದು ಬರೆದರೆ ಅದು ಆತುರ.

ಫ್ಯಾರನ್‌ಹೀಟ್ ಇದ್ದರೆ ಇನ್ನಷ್ಟು ಎಚ್ಚರ. 1.5 ಡಿಗ್ರಿ ಸೆಲ್ಸಿಯಸ್ ಏರಿಕೆ ಎಂದರೆ 2.7 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ. ಪರಿವರ್ತಿಸುವಾಗ ಯಾಂತ್ರಿಕವಾಗಿ 32 ಕೂಡಿಸಿಬಿಟ್ಟರೆ 34.7 ಬರುತ್ತದೆ. ವ್ಯತ್ಯಾಸಕ್ಕೆ 1.8ರಿಂದ ಗುಣಿಸಿದರೆ ಸಾಕು, 32 ಕೂಡಿಸಬಾರದು. ‘ಇಂಗಾಲ’ ಮತ್ತು ‘ಕಾರ್ಬನ್ ಡೈಆಕ್ಸೈಡ್’ ಅದಲುಬದಲಾಗುವುದು ಇದೇ ಜಾತಿಯ ತಪ್ಪು: ಒಂದು ಟನ್ ಇಂಗಾಲ ಎಂದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ಎರಡು ವರದಿಗಳ ಅಂಕಿ ಮೂರೂವರೆ ಪಟ್ಟಿಗಿಂತ ತುಸು ಹೆಚ್ಚು ಬೇರೆಯಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಯಾವಾಗಿನಿಂದ?

ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಪ್ರತಿ ಸೆಪ್ಟೆಂಬರ್‌ನಲ್ಲಿ ವರ್ಷದ ಕನಿಷ್ಠಕ್ಕೆ ಇಳಿಯುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರ್‌ಗೆ ಇಳಿದು ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆ ಆಯಿತು. 2013ರಲ್ಲಿ ಸುಮಾರು 50 ಲಕ್ಷ. ಕ್ಯಾಲ್ಕುಲೇಟರ್ ಒತ್ತಿ: ಒಂದೇ ವರ್ಷದಲ್ಲಿ ಹತ್ತಿರಹತ್ತಿರ ಶೇ 50ರಷ್ಟು ಹೆಚ್ಚಳ. ಲೆಕ್ಕದಲ್ಲಿ ತಪ್ಪಿಲ್ಲ. ‘ಆರ್ಕ್ಟಿಕ್ ಚೇತರಿಸಿಕೊಂಡಿತು’ ಎಂಬ ಸುದ್ದಿಗೆ ಅದೇ ಬಂಡವಾಳವಾಯಿತು. ಈಗ ಹಾಳೆಯ ಮೇಲೆ ಇನ್ನೊಂದು ಚುಕ್ಕೆ ಇಡಿ: 1980ರ ದಶಕದಲ್ಲಿ ಸೆಪ್ಟೆಂಬರ್ ಮಟ್ಟ ಸಾಮಾನ್ಯವಾಗಿ 70 ಲಕ್ಷದ ಆಸುಪಾಸು ಇತ್ತು. 70, 34, 50. ಮೂರನ್ನೂ ಒಟ್ಟಿಗೆ ಇಟ್ಟಾಗ ಚೇತರಿಕೆಯ ಕಥೆ ನಿಲ್ಲುವುದಿಲ್ಲ.

ಹಾಗೆಂದು ಇನ್ನೊಂದು ಕಡೆಯವರೂ ಸಾಚಾ ಅಲ್ಲ. 2009ರ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್, ಐದರಿಂದ ಏಳು ವರ್ಷದೊಳಗೆ ಬೇಸಿಗೆಯ ಕೆಲ ತಿಂಗಳು ಆರ್ಕ್ಟಿಕ್ ಸಮುದ್ರದಲ್ಲಿ ಮಂಜುಗಡ್ಡೆಯೇ ಇಲ್ಲದಿರುವ ಸಾಧ್ಯತೆ ಶೇ 75 ಎಂದರು. ಅವರು ಯಾರ ಹೆಸರು ಹೇಳಿದರೋ ಆ ವಿಜ್ಞಾನಿಯೇ ಅಂಥ ಖಚಿತ ಅಂಕಿ ತಾನು ಕೊಡುವುದಿಲ್ಲ ಎಂದರು. ಗಡುವು ದಾಟಿತು, ಮಂಜುಗಡ್ಡೆ ಉಳಿಯಿತು. ಆ ಒಂದು ಮಾತನ್ನು ಸಂದೇಹವಾದಿಗಳು ಇಂದಿಗೂ ಮುಗಿಯದ ಬುತ್ತಿಯಂತೆ ಬಿಚ್ಚುತ್ತಲೇ ಇದ್ದಾರೆ.

ಹಾಗಾಗಿ ಗ್ರಾಫ್ ಕಂಡಾಗ ಮೊದಲ ಬಿಂದುವಿನ ಮೇಲೆ ಬೆರಳಿಡಿ. ಅದು 1998 ಆಗಿದ್ದರೆ ಜಾಗ್ರತೆ; ಅದು ಪ್ರಬಲ ಎಲ್ ನಿನೋ ವರ್ಷ, ಅಂದರೆ ಪೆಸಿಫಿಕ್ ಸಾಗರ ಬಿಸಿಯೇರಿ ಇಡೀ ಭೂಮಿಯ ತಾಪಮಾನ ತಾತ್ಕಾಲಿಕವಾಗಿ ಏರಿದ ವರ್ಷ. ಎತ್ತರದ ಮೆಟ್ಟಿಲಿನಿಂದ ಎಣಿಸಲು ಶುರು ಮಾಡಿದರೆ ಮುಂದಿನದೆಲ್ಲ ಸಮತಟ್ಟಾಗಿಯೇ ಕಾಣುತ್ತದೆ. ಪರೀಕ್ಷೆ ಸುಲಭ: ಆರಂಭದ ವರ್ಷವನ್ನು ಎರಡು ವರ್ಷ ಹಿಂದಕ್ಕೆ, ಎರಡು ವರ್ಷ ಮುಂದಕ್ಕೆ ಸರಿಸಿ ನೋಡಿ. ಇಳಿಜಾರು ಅಷ್ಟಕ್ಕೇ ಬದಲಾದರೆ ಅದು ಪ್ರವೃತ್ತಿಯಲ್ಲ. ನಾಸಾದ ಮಾಸಿಕ ತಾಪಮಾನ ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಗೆರೆ ಎಳೆಯಬಹುದು. ಕನಿಷ್ಠ ಮೂವತ್ತು ವರ್ಷ ತೆಗೆದುಕೊಳ್ಳಿ.

‘ಆದರೆ’ ಎಲ್ಲಿ ಹೋಯಿತು?

ಭವಿಷ್ಯದ ಸುದ್ದಿಯಲ್ಲಿ ಯಾವಾಗಲೂ ಒಂದು ‘ಆದರೆ’ ಅಥವಾ ‘ಹೀಗಾದಲ್ಲಿ’ ಇರುತ್ತದೆ. ಶೀರ್ಷಿಕೆಗೆ ಬರುವಷ್ಟರಲ್ಲಿ ಅದು ಮಾಯ. ‘12 ವರ್ಷ’ದ ಹುಟ್ಟು ಹೀಗೆ: 2018ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ವಾಯುಗುಣ ವಿಜ್ಞಾನ ಸಮಿತಿಯಾದ ಐಪಿಸಿಸಿ, ಏರಿಕೆಯನ್ನು 1.5 ಡಿಗ್ರಿಯೊಳಗೆ ಹಿಡಿಯಬೇಕಾದರೆ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯನ್ನು 2030ರ ಹೊತ್ತಿಗೆ 2010ರ ಮಟ್ಟಕ್ಕಿಂತ ಸುಮಾರು ಶೇ 45 ಇಳಿಸಿ, 2050ರ ಸುಮಾರಿಗೆ ನಿವ್ವಳ ಶೂನ್ಯಕ್ಕೆ ತರಬೇಕು ಎಂದಿತು. 2030ರಿಂದ 2018 ಕಳೆದರೆ 12. ಒಂದು ಗುರಿಗೆ ತಲುಪಲು ಬೇಕಾದ ವೇಳಾಪಟ್ಟಿ ಪ್ರಳಯದ ದಿನಾಂಕವಾಗಿ ಮಾರ್ಪಟ್ಟಿತು. 1.5 ದಾಟಿದರೆ ಹಾನಿ ಹೆಚ್ಚುತ್ತದೆ, 1.6ರಲ್ಲಿ ಇನ್ನೂ ಹೆಚ್ಚು, 1.7ರಲ್ಲಿ ಮತ್ತೂ ಹೆಚ್ಚು. ನಡುವೆ ಪ್ರಪಾತ ಎಂದು ವರದಿಯಲ್ಲಿ ಎಲ್ಲೂ ಇಲ್ಲ.

ವರದಿಯಲ್ಲಿ ಆರ್‌ಸಿಪಿ 8.5 ಎಂಬ ಸಂಕೇತ ಕಂಡರೆ ಅಡಿಗೆರೆ ಎಳೆಯಿರಿ. ಕಲ್ಲಿದ್ದಲು ಬಳಕೆ ಎಗ್ಗಿಲ್ಲದೆ ಏರುತ್ತಲೇ ಹೋಗುತ್ತದೆ ಎಂದುಕೊಂಡು ಮಾಡಿದ ಅತ್ಯಧಿಕ ಹೊರಸೂಸುವಿಕೆಯ ಲೆಕ್ಕಾಚಾರ ಅದು. ಅಪಾಯದ ಮೇಲ್ಮಿತಿ ತಿಳಿಯಲು ಅದು ಬೇಕು. ‘ಹೀಗೇ ಬಿಟ್ಟರೆ ಆಗುವುದು ಇದೇ’ ಎಂದು ಅದನ್ನು ತೋರಿಸುವುದು ಸರಿಯಲ್ಲ. ‘2100ರ ವೇಳೆಗೆ’ ಎಂಬ ಭಯಾನಕ ಸುದ್ದಿಗಳ ಮೂಲ ಕೆದಕಿದಾಗ ಇದು ಮತ್ತೆಮತ್ತೆ ಸಿಗುತ್ತದೆ.

ಖಚಿತತೆಯ ಪದಗಳಿಗೂ ಅಳತೆ ಇದೆ. ಐಪಿಸಿಸಿ ಭಾಷೆಯಲ್ಲಿ ‘ಸಂಭವನೀಯ’ ಎಂದರೆ ಶೇ 66ಕ್ಕಿಂತ ಹೆಚ್ಚು, ‘ಬಹಳ ಸಂಭವನೀಯ’ ಎಂದರೆ ಶೇ 90ಕ್ಕಿಂತ ಹೆಚ್ಚು, ‘ಹೆಚ್ಚೂಕಡಿಮೆ ಖಚಿತ’ ಎಂದರೆ ಶೇ 99ಕ್ಕಿಂತ ಹೆಚ್ಚು. ಪತ್ರಿಕೆಯಲ್ಲಿ ಮೂರೂ ಸೇರಿ ‘ಆಗಲಿದೆ’ ಎಂದಾಗುತ್ತವೆ. ಚರ್ಚೆಗಳಲ್ಲಿ ಚಲಾವಣೆಯಲ್ಲಿರುವ ‘ಶೇ 97 ವಿಜ್ಞಾನಿಗಳು ಒಪ್ಪಿದ್ದಾರೆ’ ಎಂಬ ಮಾತಿನ ಕಥೆಯೂ ತಿಳಿದಿರಲಿ. 2013ರ ಒಂದು ಅಧ್ಯಯನ 11,944 ಸಂಶೋಧನಾ ಪ್ರಬಂಧಗಳ ಸಾರಾಂಶ ಓದಿತು. ಸುಮಾರು ಮೂರನೇ ಎರಡರಷ್ಟು ಪ್ರಬಂಧಗಳು ಬಿಸಿಯೇರಿಕೆಯ ಕಾರಣದ ಬಗ್ಗೆ ಏನೂ ಹೇಳಿರಲಿಲ್ಲ. ಹೇಳಿದವುಗಳಲ್ಲಿ ಶೇ 97 ಮನುಷ್ಯನೇ ಕಾರಣ ಎಂದಿದ್ದವು. ಅದರಿಂದ ‘ವಿಜ್ಞಾನಿಗಳು ಮಹಾವಿನಾಶವನ್ನು ಒಪ್ಪಿದ್ದಾರೆ’ ಎಂದು ಹೇಳಲು ಬಾರದು. ‘ಮೂರನೇ ಒಂದರಷ್ಟು ಜನ ಮಾತ್ರ ಒಪ್ಪಿದ್ದಾರೆ’ ಎನ್ನಲೂ ಬಾರದು. ಗುರುತ್ವಾಕರ್ಷಣೆಯ ಪ್ರಬಂಧಗಳಲ್ಲೂ ‘ಸೇಬು ಕೆಳಕ್ಕೆ ಬೀಳುತ್ತದೆ’ ಎಂದು ಪ್ರತಿ ಸಲ ಬರೆಯುವುದಿಲ್ಲವಲ್ಲ.

ಮೂಲದವರೆಗೆ ನಡೆಯಿರಿ

ವರದಿಯಿಂದ ಪತ್ರಿಕಾ ಪ್ರಕಟಣೆಗೆ, ಅಲ್ಲಿಂದ ಪ್ರಬಂಧಕ್ಕೆ. ಪೂರ್ತಿ ಓದಬೇಕಿಲ್ಲ. ಸಾರಾಂಶ, ಮುಖ್ಯ ಗ್ರಾಫಿನ ಕೆಳಗಿನ ಬರಹ, ಕೊನೆಯಲ್ಲಿ ಮಿತಿಗಳನ್ನು ಹೇಳುವ ಪ್ಯಾರಾ ಸಾಕು. ಸಹವಿಮರ್ಶೆ (ಅದೇ ಕ್ಷೇತ್ರದ ಬೇರೆ ವಿಜ್ಞಾನಿಗಳ ಪರಿಶೀಲನೆ) ಆಗಿದೆಯೋ, ಬರೀ ಕರಡು ರೂಪದಲ್ಲಿ ಇದೆಯೋ, ಹಿಂಪಡೆದಿದ್ದಾರೋ ಎಂದು ಸಂಶೋಧನಾ ಪತ್ರಿಕೆಯ ಪುಟದಲ್ಲೇ ಬರೆದಿರುತ್ತದೆ.

ದೊಡ್ಡ ಹೆಸರು ಕಂಡ ಮಾತ್ರಕ್ಕೆ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟಲು ಹೋಗಬೇಡಿ. 2007ರ ಐಪಿಸಿಸಿ ವರದಿಯ ಎರಡನೇ ಸಂಪುಟದಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಎಂಬ ಮಾತಿತ್ತು. ಮೂಲ ಹುಡುಕುತ್ತ ಹೋದರೆ ಸಿಕ್ಕಿದ್ದು ಒಂದು ಪರಿಸರ ಸಂಸ್ಥೆಯ ವರದಿ, ಅದರ ಹಿಂದೆ 1999ರ ಒಂದು ಪತ್ರಿಕಾ ಸುದ್ದಿ. ಸಹವಿಮರ್ಶೆಗೊಂಡ ಪ್ರಬಂಧವೇ ಇರಲಿಲ್ಲ. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪು ಒಪ್ಪಿಕೊಂಡಿತು. ಹಿಮನದಿಗಳು ಕರಗುತ್ತಿರುವುದು ನಿಜವೇ. ಆ ವರ್ಷ ಸುಳ್ಳು.

ಚಿತ್ರಗಳಿಗೆ ರಿವರ್ಸ್ ಇಮೇಜ್ ಸರ್ಚ್ ಮಾಡಿ, ಎರಡು ನಿಮಿಷದ ಕೆಲಸ. ‘ಬರಲಿರುವ ಹಿಮಯುಗ’ ಎಂದು ಸಾರುವ, ಪೆಂಗ್ವಿನ್ ಇರುವ 1977ರ ಟೈಮ್ ಮುಖಪುಟ ಆಗಾಗ ಹರಿದಾಡುತ್ತದೆ. ಅದು ತಿದ್ದಿದ ಚಿತ್ರ. ಅಸಲಿ ಮುಖಪುಟ 2007ರದು, ವಿಷಯ ತಾಪಮಾನ ಏರಿಕೆ. 1970ರ ದಶಕದಲ್ಲಿ ತಂಪಾಗುವಿಕೆಯ ಬಗ್ಗೆ ಪತ್ರಿಕೆಗಳು ಬರೆದದ್ದು ನಿಜ. ಆದರೆ 1965–1979ರ ಪ್ರಬಂಧಗಳನ್ನು 2008ರಲ್ಲಿ ಎಣಿಸಿದಾಗ ತಂಪಾಗುತ್ತದೆ ಎಂದವು 7, ಬಿಸಿಯಾಗುತ್ತದೆ ಎಂದವು 44.

ಪ್ರವಾಹ, ಬಿಸಿಗಾಳಿ ಬಂದ ದಿನ

‘ಇದಕ್ಕೆ ತಾಪಮಾನ ಏರಿಕೆಯೇ ಕಾರಣ’ ಎಂಬ ವಾಕ್ಯವೂ ‘ಇದು ಹಿಂದೆಯೂ ಬಂದಿತ್ತು’ ಎಂಬ ವಾಕ್ಯವೂ ಅರೆಬೆಂದವು. ಸರಿಯಾದ ಅಧ್ಯಯನ ಹೇಳುವುದು ಸಾಧ್ಯತೆ ಎಷ್ಟು ಪಟ್ಟು ಹೆಚ್ಚಿತು, ತೀವ್ರತೆ ಎಷ್ಟು ಹೆಚ್ಚಿತು ಎಂದು. ಬಿಸಿಗಾಳಿಯ ವಿಷಯದಲ್ಲಿ ಪುರಾವೆ ಬಲವಾಗಿದೆ, ಭಾರಿ ಮಳೆಯ ವಿಷಯದಲ್ಲಿ ಸಾಕಷ್ಟಿದೆ, ಚಂಡಮಾರುತಗಳ ಒಟ್ಟು ಸಂಖ್ಯೆಯ ವಿಷಯದಲ್ಲಿ ದುರ್ಬಲ. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂದರೆ ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷ ಶೇ 1ರ ಸಾಧ್ಯತೆ. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆಯ ಲೆಕ್ಕ ಹಾಕಲು 0.99 ಅನ್ನು ಮೂವತ್ತು ಸಲ ಗುಣಿಸಿ 1ರಿಂದ ಕಳೆಯಿರಿ: 0.26. ಅಂದರೆ ನಾಲ್ಕರಲ್ಲಿ ಒಂದು.

ಸಂದೇಹಕ್ಕೆ ಉತ್ತರ ಕೊಡುವಾಗ

ಕೇಳಿದವರನ್ನು ಗೇಲಿ ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಪರೀಕ್ಷಿಸಬಹುದಾದ ಉತ್ತರ ಕೊಡಿ. ‘ಸೂರ್ಯನೇ ಕಾರಣ’ ಎಂದರೆ: ಸೂರ್ಯನಿಂದಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಅಳತೆಯಲ್ಲಿ ಕೆಳಪದರ ಬಿಸಿಯಾಗಿದೆ, ಅದರ ಮೇಲಿನ ಪದರವಾದ ಸ್ಟ್ರಾಟೋಸ್ಫಿಯರ್ ತಣ್ಣಗಾಗಿದೆ. ‘ಜ್ವಾಲಾಮುಖಿಗಳು’ ಎಂದರೆ: ಅವುಗಳ ಪಾಲು ಮನುಷ್ಯನ ಕಾರ್ಬನ್ ಡೈಆಕ್ಸೈಡಿನ ಶೇ 1ಕ್ಕಿಂತ ಕಡಿಮೆ. ‘ಅಂಕಿಗಳನ್ನು ತಿದ್ದುತ್ತಾರೆ’ ಎಂದರೆ: ಹೌದು, ತಿದ್ದುತ್ತಾರೆ. ಹಿಂದೆ ಹಡಗಿನಿಂದ ಬಕೆಟ್ ಇಳಿಸಿ ನೀರೆತ್ತಿ ಅಳೆಯುತ್ತಿದ್ದರು, ಮೇಲೆ ಬರುವಷ್ಟರಲ್ಲಿ ನೀರು ತಣ್ಣಗಾಗುತ್ತಿತ್ತು. ಅದನ್ನು ಸರಿಪಡಿಸಿದಾಗ ಹಳೆಯ ಅಂಕಿ ಮೇಲೇರುತ್ತದೆ. ಒಟ್ಟು ಭೂಮಿಯ ಲೆಕ್ಕದಲ್ಲಿ ತಿದ್ದುಪಡಿಗಳಿಂದ ದೀರ್ಘಾವಧಿ ಏರಿಕೆ ಸ್ವಲ್ಪ ಕಡಿಮೆಯೇ ಆಗುತ್ತದೆ, ಹೆಚ್ಚಾಗುವುದಿಲ್ಲ. ‘ಗಾಳಿಯಲ್ಲಿ 0.04 ಶೇಕಡಾ ಇರುವ ಕಾರ್ಬನ್ ಡೈಆಕ್ಸೈಡ್ ಏನು ಮಾಡೀತು’ ಎಂದರೆ: ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಹತ್ತು ಲಕ್ಷಕ್ಕೆ 315 ಭಾಗದಷ್ಟಿದ್ದದ್ದು ಈಗ 420 ದಾಟಿದೆ. ವಾತಾವರಣದ ಬಹುಪಾಲು ಸಾರಜನಕ, ಆಮ್ಲಜನಕ. ಅವು ಶಾಖವನ್ನು ಕಾರ್ಬನ್ ಡೈಆಕ್ಸೈಡಿನ ಹಾಗೆ ಹಿಡಿಯುವುದೇ ಇಲ್ಲ. ಆದ್ದರಿಂದ ಹಿಡಿಯುವ ಅನಿಲ ಎಷ್ಟು ಬದಲಾಯಿತು ಎಂದು ನೋಡಬೇಕು.

ಎಲ್ಲ ಮುಗಿದ ಮೇಲೆ ಹಾಳೆಯ ವಾಕ್ಯವನ್ನು ತಿದ್ದಿ ಬರೆಯಿರಿ. ‘ಇನ್ನು 12 ವರ್ಷಕ್ಕೆ ಭೂಮಿ ಖಲಾಸ್’ ಎಂಬುದು ‘1.5 ಡಿಗ್ರಿ ಮಿತಿ ಉಳಿಯಬೇಕಾದರೆ 2030ರೊಳಗೆ ಹೊರಸೂಸುವಿಕೆ 2010ಕ್ಕಿಂತ ಶೇ 45ರಷ್ಟು ಇಳಿಯಬೇಕು, ಐಪಿಸಿಸಿ, 2018’ ಎಂದಾಗುತ್ತದೆ. ಮೂಲ ಸುದ್ದಿ ಕಳುಹಿಸಿದವರಿಗೆ ಬೇರೆ ಉಪದೇಶ ಸೇರಿಸದೆ ಆ ಒಂದು ಸಾಲನ್ನು ಮಾತ್ರ, ಪ್ರಬಂಧದ ಕೊಂಡಿಯ ಜೊತೆ, ವಾಪಸ್ ಕಳುಹಿಸಿ.