ವಿಂಡೋಸ್ 11ರಲ್ಲಿ ವಿಬಿ6 ಹಾಕುವವರಿಗೆ

ಭೋಸರಿ, ಚಾಕಣ ಕಡೆ ಸಣ್ಣ ಕಾರ್ಖಾನೆಗಳಲ್ಲಿರುವ ಪುಣೆ ಕನ್ನಡಿಗರಿಗಾಗಿ ಬರೀತಿದ್ದೀನಿ. ತೂಕದ ಚೀಟಿ, ಸ್ಟಾಕ್ ಲೆಕ್ಕ ಎಲ್ಲಾ ಇನ್ನೂ 1998ರ ವಿಷುಯಲ್ ಬೇಸಿಕ್ 6 (ವಿಬಿ6) ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದ್ದರೆ ಗಾಬರಿ ಬೇಡ. ಮಾಡಿಟ್ಟ ಪ್ರೋಗ್ರಾಂ ಓಡಿಸೋ ರನ್‌ಟೈಮ್ ವಿಂಡೋಸ್ 11ರಲ್ಲೂ ಬರುತ್ತೆ. ತೊಂದರೆ ಇರೋದು ಕೋಡ್ ತಿದ್ದೋ ಐಡಿಇ ಹಾಕುವಾಗ.

ಸೆಟಪ್‌ಗೆ ಮೊದಲು ವಿಂಡೋಸ್ ಫೋಲ್ಡರಲ್ಲಿ ಎಂಎಸ್‌ಜಾವಾ.ಡಿಎಲ್‌ಎಲ್ (MSJAVA.DLL) ಅನ್ನೋ ಖಾಲಿ ಫೈಲ್ ಇಡಿ. ಆಗ ಹಳೇ ಜಾವಾ ಹಾಕೋ ಹಂತ ತಪ್ಪುತ್ತೆ. (ನೋಟ್‌ಪ್ಯಾಡ್ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಸೇರಿಸಿರುತ್ತೆ, ನೋಡಿ ತೆಗೀರಿ.) ಸೆಟಪ್ಪನ್ನ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಕಸ್ಟಮ್ ಆರಿಸಿ, ಡೇಟಾ ಆ್ಯಕ್ಸೆಸ್ ಮುಂದಿನ ಟಿಕ್ ತೆಗೀರಿ. ನನಗೆ ಎರಡು ಸಂಜೆ ಹಾಳಾಗಿದ್ದು ಇದೊಂದೇ ಟಿಕ್‌ನಿಂದ. ಕೊನೇ ಹಂತದಲ್ಲಿ ಸೆಟಪ್ ಅಲ್ಲಾಡದೆ ನಿಂತುಬಿಡ್ತಿತ್ತು. ಆಮೇಲೆ ವಿಬಿ6ರ ದೋಷ ತಿದ್ದೋ ಸರ್ವಿಸ್ ಪ್ಯಾಕ್ 6 ಹಾಕಿ.

ಗ್ರಿಡ್, ಟೂಲ್‌ಬಾರ್‌ನ ಓಸಿಎಕ್ಸ್ (OCX) ಫೈಲ್, ಅಂದರೆ ಪ್ರೋಗ್ರಾಂ ಪರದೆಯ ಆ ಭಾಗಗಳನ್ನ ಕೊಡೋ ಫೈಲ್, ಸಿಗ್ತಿಲ್ಲ ಅಂದರೆ ಅದನ್ನ ಸಿಸ್ಟಮ್32ಗೆ ಅಲ್ಲ, ಸಿಸ್‌ವಾವ್64 (SysWOW64) ಫೋಲ್ಡರಿಗೆ ಹಾಕಿ, ಅಲ್ಲಿರೋ ರೆಗ್‌ಎಸ್‌ವಿಆರ್32 (regsvr32) ಪ್ರೋಗ್ರಾಂನಿಂದಲೇ ರಿಜಿಸ್ಟರ್ ಮಾಡಿ (ಅಂದರೆ ವಿಂಡೋಸಿಗೆ ಪರಿಚಯಿಸಿ). ಹೆಸರು ನೋಡಿ ಮೋಸ ಹೋಗಬೇಡಿ: 64 ಬಿಟ್ ವಿಂಡೋಸಲ್ಲಿ 32 ಬಿಟ್ ಫೈಲುಗಳ ಮನೆ ಅದೇ.

ಹಳೇ ಡಾಸ್ ಕಾಲದ ಟರ್ಬೊ ಸಿ ಕಂಪೈಲರ್ ಬೇಕಾದವರಿಗೆ, ಡಾಸ್ ಪ್ರೋಗ್ರಾಂ ಓಡಿಸೋ ಡಾಸ್‌ಬಾಕ್ಸ್ ಸಾಕು.

ಇನ್ನೊಂದು, ದಯವಿಟ್ಟು ಹಳೇ ಮೆಷಿನ್ ಗುಜರಿಗೆ ಹಾಕೋ ಮೊದಲು ಸೋರ್ಸ್ ಕೋಡ್ ಎರಡು ಕಡೆ ನಕಲು ಮಾಡಿಟ್ಟುಕೊಳ್ಳಿ.