ನೀರು ಕುಡಿದು ಬನ್ನಿ ಅನ್ನುವುದು ಯಾಕೆ: ಸ್ಕ್ಯಾನಿಂಗ್ ಕೋಣೆಯ ನನ್ನ ಅನುಭವ

ಉಡುಪಿಯಲ್ಲಿ ರೇಡಿಯಾಲಜಿಸ್ಟ್ ಆಗಿರುವ ನನ್ನ ದಿನದ ಹೆಚ್ಚಿನ ಹೊತ್ತು ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನಲ್ಲೇ ಕಳೆಯುತ್ತದೆ. ಬೆಳಿಗ್ಗೆ ಹೊರಗಿನ ಬೆಂಚಿನಲ್ಲಿ ಎರಡು ಬಗೆಯವರು ಕೂತಿರುತ್ತಾರೆ. ಕೆಲವರು ಏನೂ ತಿನ್ನದೆ ಬಂದವರು, ಕೆಲವರು ನೀರು ಕುಡಿದು ಮೂತ್ರ ತಡೆದುಕೊಂಡು ಬಂದವರು. ಯಾಕೆ ಹೀಗೆ ಬರಬೇಕು ಅಂತ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಕಾರಣ ತಿಳಿದು ಬಂದವರ ಸ್ಕ್ಯಾನ್ ಚೆನ್ನಾಗಿ ಬರುತ್ತದೆ. ಇದು ನಾನು ದಿನಾ ಕಾಣುವ ವಿಷಯ, ಹಾಗಾಗಿ ಬರೆಯುತ್ತಿದ್ದೇನೆ.

ಈ ಸ್ಕ್ಯಾನ್ ಹೇಗೆ ನಡೆಯುತ್ತದೆ ಅಂತ ಮಲ್ಪೆಯ ಮೀನುಗಾರಿಕೆ ಬೋಟಿನವರಿಗೆ ವಿವರಿಸುವುದು ಬಹಳ ಸುಲಭ. ಅವರ ಫಿಶ್ ಫೈಂಡರ್ ನೀರಿಗೆ ಶಬ್ದ ಬಿಡುತ್ತದೆ, ತಳಕ್ಕೋ ಮೀನಿನ ಗುಂಪಿಗೋ ತಾಗಿ ಮರಳಿದ ಶಬ್ದವನ್ನು ಪರದೆಯಲ್ಲಿ ತೋರಿಸುತ್ತದೆ. ನನ್ನ ಯಂತ್ರದ್ದೂ ಅದೇ ಕೆಲಸ. ಅಲ್ಲಿಯ ಶಬ್ದ ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಕಂಪನ. ಹೊಟ್ಟೆಯ ಸ್ಕ್ಯಾನಿಗೆ ನಾನು ಬಳಸುವುದು 3ರಿಂದ 5 ಮೆಗಾಹರ್ಟ್ಸ್ (ಸೆಕೆಂಡಿಗೆ 30ರಿಂದ 50 ಲಕ್ಷ ಕಂಪನ), ಥೈರಾಯ್ಡ್‌ನಂತಹ ಮೇಲ್ಮೈ ಅಂಗಕ್ಕೆ 7ಕ್ಕಿಂತ ಹೆಚ್ಚು. ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಆಳಕ್ಕೆ ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವ ಪ್ರೋಬಿನೊಳಗೆ ಸಣ್ಣ ಸಣ್ಣ ಹರಳುಗಳಿವೆ. ಕರೆಂಟ್ ಕೊಟ್ಟರೆ ಅವು ಅದುರಿ ಶಬ್ದ ಹೊರಡಿಸುತ್ತವೆ, ಮರುದನಿ ಬಂದು ಒತ್ತಿದಾಗ ಕರೆಂಟ್ ಹುಟ್ಟಿಸುತ್ತವೆ. ಒತ್ತಿದರೆ ವಿದ್ಯುತ್ ಹುಟ್ಟುವ ಈ ಗುಣವನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ರೋಗಿಗಳ ಹೊಟ್ಟೆಯ ಮೇಲಿಟ್ಟು ಪರೀಕ್ಷಿಸಿ, ಫಲಿತಾಂಶವನ್ನು 1958ರಲ್ಲಿ ಪ್ರಕಟಿಸಿದವರು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಅವರ ಜೊತೆಗಾರರು.

ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಹತ್ತು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಸಮಯ ಸಾಕು. ಹಾಗಾಗಿ ನಾವು ನೋಡುವುದು ನಿಂತ ಫೋಟೋ ಅಲ್ಲ, ಆಗಿಂದಾಗ ಓಡುವ ಚಿತ್ರ. ಎಕ್ಸ್‌ರೇ, ಸಿಟಿಯಲ್ಲಿರುವಂಥ ವಿಕಿರಣ ಇದರಲ್ಲಿಲ್ಲ.

ನನಗೆ ದೊಡ್ಡ ಅಡ್ಡಿ ಗಾಳಿ. ಗಾಳಿ ಸಿಕ್ಕಿದಲ್ಲಿ ಶಬ್ದ ಹೆಚ್ಚುಕಡಿಮೆ ಪೂರ್ತಿ ವಾಪಸಾಗುತ್ತದೆ, ಅದರ ಹಿಂದಿನದ್ದು ಕಾಣುವುದೇ ಇಲ್ಲ. ಬೋಟಿನವರಿಗೆ ಮೀನು ಕಾಣುವುದು ಬಹುಪಾಲು ಅದರ ಹೊಟ್ಟೆಯ ಗಾಳಿಚೀಲದಿಂದ, ನನಗೆ ಮಾತ್ರ ಕರುಳಿನ ಗಾಳಿ ಮುಂದಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೊಟ್ಟೆಗೆ ಜೆಲ್ ಹಚ್ಚುವುದೂ ಚರ್ಮ ಮತ್ತು ಪ್ರೋಬಿನ ನಡುವಿನ ಗಾಳಿಯನ್ನು ತೆಗೆಯಲಿಕ್ಕೆ. ಜೆಲ್ ಔಷಧ ಅಲ್ಲ, ಒರೆಸಿದರೆ ಹೋಗುತ್ತದೆ. ಮಳೆಗಾಲದಲ್ಲಿ ಎಸಿ ಕೋಣೆಯಲ್ಲಿ ಅದು ಮೈ ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ನಮ್ಮಲ್ಲಿ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇವೆ.

ಈಗ ನೀರಿನ ವಿಷಯ. ಗರ್ಭಕೋಶ, ಅಂಡಾಶಯ, ಪ್ರಾಸ್ಟೇಟ್ ಇವೆಲ್ಲ ಮೂತ್ರಕೋಶದ ಹಿಂದೆ ಅಥವಾ ಕೆಳಗೆ ಇವೆ. ಮೂತ್ರಕೋಶ ತುಂಬಿದರೆ ಅದು ಕರುಳನ್ನು ಮೇಲಕ್ಕೆ ತಳ್ಳುತ್ತದೆ, ನೀರಿನ ಮೂಲಕ ಶಬ್ದ ಸರಾಗವಾಗಿ ಹಿಂದಿನ ಅಂಗಕ್ಕೆ ತಲುಪುತ್ತದೆ. ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ಕುಡಿದರೆ ಸಾಮಾನ್ಯವಾಗಿ ಸಾಕು. ತಡೆಯಲಾಗದಷ್ಟು ಒತ್ತಡವಾದರೆ ಸಿಸ್ಟರ್‌ಗೆ ಹೇಳಿ, ನಾಚಿಕೆ ಬೇಡ. ಎಷ್ಟೋ ಸಲ ಸರದಿ ತಪ್ಪಿಸಿ ಮೊದಲು ಒಳಗೆ ಕರೆಸಿಕೊಂಡಿದ್ದೇನೆ. ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರನ್ನು ಮೂತ್ರ ಮಾಡಿ ಬಂದ ಮೇಲೆ ಮತ್ತೊಮ್ಮೆ ಮಲಗಿಸುತ್ತೇವೆ. ಒಳಗೆ ಎಷ್ಟು ಉಳಿಯಿತು ಅನ್ನುವುದೇ ಆ ಪರೀಕ್ಷೆಯ ಮುಖ್ಯ ಉತ್ತರ.

ಹಸಿವಿನ ಕಾರಣ ಬೇರೆ. ಕುಂದಾಪುರ ಕಡೆಯ ಒಬ್ಬರು ಹೆಂಗಸು ಬಲ ಪಕ್ಕೆಯ ಕೆಳಗೆ ನೋವು ಅಂತ ಬಂದಿದ್ದರು.

“ಬೆಳಿಗ್ಗೆಯಿಂದ ಎಂತ ತಿಂದಿದ್ರಿ ಅಮ್ಮಾ?”

“ಎಂತದೂ ತಿನ್ಲಿಲ್ಲ ಡಾಕ್ಟ್ರೇ. ಒಂದ್ ಲೋಟ ಚಾ ಕುಡ್ದದ್ದ್ ಅಷ್ಟೇ.”

ಹಾಲು ಹಾಕಿದ ಚಾ ಆ ಒಂದು ಲೋಟವೇ ಸಾಕು. ಜಿಡ್ಡಿನಂಶ ಕರುಳಿಗೆ ಇಳಿದ ಕೂಡಲೇ ಪಿತ್ತಕೋಶ ಸಂಕುಚಿಸಿ ಪಿತ್ತರಸವನ್ನು ಹೊರಗೆ ಬಿಡುತ್ತದೆ. ಪರದೆಯಲ್ಲಿ ಕಪ್ಪು ಚೀಲದ ಹಾಗೆ ತುಂಬಿ ಕಾಣಬೇಕಾದ್ದು ಗೋಡೆಗೆ ಗೋಡೆ ಅಂಟಿಕೊಂಡು ಕೂತಿತ್ತು. ಅವರನ್ನು ಮರುದಿನ ಬರಹೇಳಿದೆ. ರಾತ್ರಿಯ ಊಟದ ನಂತರ ಏನೂ ತಿನ್ನದೆ, ಬೆಳಿಗ್ಗಿನ ಮೊದಲ ಬಸ್ಸಿಗೆ ಬಂದರು. ಈ ಸಲ ಚೀಲ ತುಂಬಿತ್ತು. ಒಳಗೆ ಬಿಳಿಯಾಗಿ ಹೊಳೆಯುವ ಒಂದು ಚುಕ್ಕೆ, ಅದರ ಹಿಂದೆ ಉದ್ದಕ್ಕೆ ಕಪ್ಪು ನೆರಳು. “ಎಡಕ್ಕೆ ಮಗ್ಗುಲಾಗಿ ಅಮ್ಮಾ, ಉಸ್ರ್ ಎಳ್ದ್ ಕಟ್ಕಣಿ” ಅಂದೆ. ಅವರು ತಿರುಗಿದ ಕೂಡಲೇ ಚುಕ್ಕೆ ಚೀಲದ ತಳಕ್ಕೆ ಉರುಳಿತು, ಅಂದರೆ ಕಲ್ಲು. ಗೋಡೆಗೆ ಅಂಟಿ ಬೆಳೆದ ಸಣ್ಣ ಗಂಟು, ಅಂದರೆ ಪಾಲಿಪ್ ಆಗಿದ್ದರೆ ಅಲ್ಲಾಡುತ್ತಿರಲಿಲ್ಲ, ಸಾಮಾನ್ಯವಾಗಿ ನೆರಳೂ ಬೀಳುತ್ತಿರಲಿಲ್ಲ. ಅದನ್ನು ಅವರಿಗೂ ಪರದೆಯಲ್ಲಿ ತೋರಿಸಿದೆ. ತಿರುಗಿ, ಉಸಿರು ಹಿಡಿಯಿರಿ, ಬಿಡಿ ಅಂತ ನಾವು ಹೇಳುತ್ತಲೇ ಇರುವುದು ಇದಕ್ಕೇ. ಉಸಿರೆಳೆದಾಗ ಪಕ್ಕೆಲುಬಿನ ಮರೆಯಲ್ಲಿದ್ದ ಲಿವರ್ ಕೆಳಗಿಳಿದು ಕಾಣುತ್ತದೆ.

ಹೊಟ್ಟೆಯ ಸ್ಕ್ಯಾನಿಗೆ ಆರರಿಂದ ಎಂಟು ಗಂಟೆ ಹಸಿದಿರಬೇಕು, ಬರೀ ನೀರು ಕುಡಿಯಬಹುದು. ಬಿಪಿ ಮಾತ್ರೆಯನ್ನು ನೀರಿನಲ್ಲಿ ನುಂಗಿ. ಸಕ್ಕರೆ ಕಾಯಿಲೆಯವರು ದಯವಿಟ್ಟು ಬೆಳಿಗ್ಗಿನ ಮೊದಲ ಹೊತ್ತನ್ನೇ ಕೇಳಿ ಪಡೆಯಿರಿ. ಇನ್ಸುಲಿನ್, ಮಾತ್ರೆಗಳ ಬಗ್ಗೆ ನಿಮ್ಮ ಡಾಕ್ಟರಲ್ಲಿ ಮೊದಲೇ ವಿಚಾರಿಸಿ. ಔಷಧ ತೆಗೆದುಕೊಂಡು ಏನೂ ತಿನ್ನದೆ ಬೆಂಚಿನಲ್ಲಿ ಕಾಯುವುದು ಅಪಾಯ.

ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಒಳಗಿನಿಂದ ಸ್ಕ್ಯಾನ್ ಮಾಡಬೇಕಾಗುತ್ತದೆ. ಇದರ ಬಗ್ಗೆ ಹೊರಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಹಾಗಾಗಿ ಹೆದರಿಕೆ ಜಾಸ್ತಿ. ತೆಳ್ಳಗಿನ ಪ್ರೋಬಿಗೆ ಹೊಸ ಕವರ್ ಹಾಕಿ, ಯೋನಿಯ ಮೂಲಕ ಗರ್ಭಕೋಶದ ಹತ್ತಿರದಿಂದ ನೋಡುತ್ತೇವೆ. ಹತ್ತಿರವಾದ್ದರಿಂದ ಚಿತ್ರ ಬಹಳ ಸ್ಪಷ್ಟ. ಇದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಸ್ವಲ್ಪ ಒತ್ತಿದಂತಾಗಬಹುದು, ನೋವಾದರೆ ಕೂಡಲೇ ಹೇಳಿ, ನಿಲ್ಲಿಸುತ್ತೇವೆ. ಮಹಿಳಾ ಸಿಬ್ಬಂದಿ ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಕೇಳಿ. ಮದುವೆಯಾಗದವರಿಗೆ ಹೊಟ್ಟೆಯ ಮೇಲಿನಿಂದಲೇ ಮಾಡುತ್ತೇವೆ. ನಿಮ್ಮ ಒಪ್ಪಿಗೆ ಇಲ್ಲದೆ ಈ ಸ್ಕ್ಯಾನ್ ಯಾರೂ ಮಾಡುವಂತಿಲ್ಲ.

ಬಸುರಿಯರು ಹಸಿದು ಬರಬೇಕಾಗಿಲ್ಲ. 11ರಿಂದ 14ನೇ ವಾರದೊಳಗೆ ಒಂದು ಸ್ಕ್ಯಾನ್ ಇದೆ, ಮಗುವಿನ ಕುತ್ತಿಗೆಯ ಹಿಂದಿನ ದ್ರವದ ದಪ್ಪ ಅಳೆಯುವುದು ಆಗಲೇ. ಅಂಗಾಂಗಗಳನ್ನು ಒಂದೊಂದಾಗಿ ನೋಡುವುದು 18ರಿಂದ 22 ವಾರಗಳ ನಡುವೆ. ಮಗು ಬೆನ್ನು ತಿರುಗಿಸಿ ಮಲಗಿದ್ದರೆ ಹೃದಯ ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಅಡ್ಡಾಡಿ ಬನ್ನಿ ಅಂತ ಕಳಿಸಿದರೆ ಗಾಬರಿಯಾಗಬೇಡಿ. ಡಾಕ್ಟರು ಮಾತಾಡದೆ ಪರದೆ ನೋಡುತ್ತಿದ್ದರೂ ಅಷ್ಟೇ. ಅಳತೆ ಮಾಡುವಾಗ ಗಮನ ಬೇಕು, ಮೌನಕ್ಕೆ ಬೇರೆ ಅರ್ಥ ಕಟ್ಟಬೇಡಿ. ನಾನಂತೂ ಹೃದಯ ಬಡಿಯುವುದನ್ನು ಮೊದಲು ತೋರಿಸಿ ಆಮೇಲೆ ಅಳತೆಗೆ ಹೋಗುತ್ತೇನೆ. ಆ ತಾಯಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಯಾಕೆ ಕಾಯಬೇಕು?

ಗುರುತಿನ ಚೀಟಿ ತನ್ನಿ, ಬಸುರಿಯರ ಸ್ಕ್ಯಾನಿಗೆ ಕಾನೂನು ಕೇಳುವ ದಾಖಲೆಯಾದ ಫಾರಂ ಎಫ್ ತುಂಬಬೇಕಾಗುತ್ತದೆ. ಗಂಡೋ ಹೆಣ್ಣೋ ಅಂತ ಕೇಳಬೇಡಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಪ್ರಕಾರ ಮಾತಿನಲ್ಲಿ ಮಾತ್ರವಲ್ಲ, ಕೈಸನ್ನೆಯಲ್ಲಿ ತಿಳಿಸಿದರೂ ಅಪರಾಧ, ಮೂರು ವರ್ಷದವರೆಗೆ ಜೈಲು. ಕೇಳಿದವರಿಗೂ ಶಿಕ್ಷೆ ಇದೆ. ನಮ್ಮ ಕಡೆ ಹೆಣ್ಣಿನ ಮೂಲಕ ವಂಶ ನಡೆಯುವ ಅಳಿಯಕಟ್ಟಿನ ಮನೆಯವರು ಹೆಣ್ಣು ಮಗು ಬೇಕು ಅನ್ನುವ ಆಸೆಯಿಂದ ಕೇಳುವುದುಂಟು. ಅವರಿಗೂ ನನ್ನ ಉತ್ತರ ಇಲ್ಲ ಎಂದೇ.

ರಿಪೋರ್ಟಿನಲ್ಲಿ “ಗ್ಯಾಸ್ ಇದ್ದ ಕಾರಣ ಮೇದೋಜೀರಕ ಗ್ರಂಥಿ ಪೂರ್ತಿ ಕಾಣಲಿಲ್ಲ” ಅಂತ ಬರೆದಿದ್ದರೆ ಅದನ್ನು ಕಡೆಗಣಿಸಬೇಡಿ, ನೋಡದ್ದನ್ನು ಸರಿ ಇದೆ ಅಂತ ಬರೆಯಬಾರದಲ್ಲ. ಹೊಟ್ಟೆ ಹುಣ್ಣು ಇದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೆ ಎಂಡೋಸ್ಕೋಪಿ ಬೇಕು. ಸ್ಕ್ಯಾನ್ ನಾರ್ಮಲ್, ಆದರೆ ನೋವು ಹಾಗೇ ಇದೆ ಅಂತಾದರೆ ನಿಮ್ಮನ್ನು ಕಳಿಸಿದ ಡಾಕ್ಟರಲ್ಲಿ ಮತ್ತೆ ಹೋಗಲೇಬೇಕು.

ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ತೊಟ್ಟೆಯಲ್ಲಿ ಹಾಕಿ ತನ್ನಿ. ಕಿಡ್ನಿಯಲ್ಲಿ 3 ಸೆಂಟಿಮೀಟರಿನ ನೀರುಗುಳ್ಳೆ ಕಂಡರೆ, ಎರಡು ವರ್ಷದ ಹಿಂದೆಯೂ ಅಷ್ಟೇ ಇತ್ತೋ ಇಲ್ಲವೋ ಅನ್ನುವುದು ನನಗೆ ತುಂಬಾ ಮುಖ್ಯ. ಥರ್ಮಲ್ ಕಾಗದದ ಚಿತ್ರಗಳು ವರ್ಷ ಕಳೆದಂತೆ ಮಾಸಿಹೋಗುತ್ತವೆ. ಅವುಗಳ ಮತ್ತು ರಿಪೋರ್ಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.