ಬೂಟು ಬಿಚ್ಚಿದ ಮೇಲೆ ಹಿಡಿದ ರಿಜಿಸ್ಟರ್

ನಾನು 14 ಸೀಸನ್ ಫುಟ್‌ಬಾಲ್ ಆಡಿದ್ದು ಸ್ಟಾಪರ್ ಜಾಗದಲ್ಲಿ, ಅಂದರೆ ನಮ್ಮ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಜಾಗದಲ್ಲಿ. ಗೋಲು ಹೊಡೆದ ನೆನಪು ಕಡಿಮೆ, ತಡೆದ ನೆನಪು ಬಹಳ. 1992ಕ್ಕೆ ಮುಂಚೆ, ಎದುರಾಳಿ ಮೈಮೇಲೆ ಬಂದರೆ ಚೆಂಡನ್ನು ನಮ್ಮ ಗೋಲ್‌ಕೀಪರ್ ಕಡೆ ತಳ್ಳಿದರೆ ಸಾಕಿತ್ತು, ಅವನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ. ಆ ವರ್ಷ ನಿಯಮ ಬದಲಾಯಿತು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟುವಂತಿರಲಿಲ್ಲ. ನನಗಿದ್ದದ್ದು ಬಲಗಾಲು ಒಂದೇ. ಎಡಗಾಲನ್ನು ಪಳಗಿಸಲು ಎರಡು ತಿಂಗಳು ದಿನವೂ ಗೋಡೆಗೆ ಚೆಂಡು ಒದ್ದೆ. ಎಲ್ಲೋ ಸಭೆಯಲ್ಲಿ ಕುಳಿತವರು ಬರೆದ ಒಂದು ಸಾಲು ನನ್ನ ಕಾಲಿನ ಅಭ್ಯಾಸವನ್ನೇ ತಿದ್ದಿತ್ತು. ಅಂಥ ಸಾಲುಗಳನ್ನು ಬರೆಯುವವರು ಯಾರು ಎಂಬ ಕುತೂಹಲ ಆಗ ಹುಟ್ಟಿದ್ದು, ಮತ್ತೆ ಬಿಡಲಿಲ್ಲ.

2003ರಲ್ಲಿ ಮಂಡಿಯ ಅಸ್ಥಿರಜ್ಜು ಎರಡನೇ ಸಲ ಹರಿಯಿತು. ಆಟ ಅಲ್ಲಿಗೆ ಮುಗಿಯಿತು.

ಕ್ಲಬ್ ನನ್ನನ್ನು ತಂಡದ ವ್ಯವಸ್ಥಾಪಕನನ್ನಾಗಿ ಉಳಿಸಿಕೊಂಡಿತು. ಮೊದಲ ಸೀಸನ್‌ನಲ್ಲೇ ದೊಡ್ಡ ತಪ್ಪು ಮಾಡಿದೆ. ಹಳದಿ ಕಾರ್ಡ್‌ಗಳ ಲೆಕ್ಕ ತುಂಬಿ ಒಂದು ಪಂದ್ಯ ಹೊರಗಿರಬೇಕಾದ ಆಟಗಾರನ ಹೆಸರನ್ನು ನಾನೇ ಪಟ್ಟಿಯಲ್ಲಿ ಬರೆದುಕೊಟ್ಟೆ. ನಾವು 2-1ರಿಂದ ಗೆದ್ದ ಪಂದ್ಯವನ್ನು ನಾಲ್ಕು ದಿನದ ನಂತರ 0-3 ಸೋಲು ಎಂದು ತೀರ್ಮಾನಿಸಿದರು. ತೀರ್ಪಿನಲ್ಲಿ ತಪ್ಪೇನೂ ಇರಲಿಲ್ಲ. ಹುಡುಗರ ಮುಖ ನೋಡಲಾಗದೆ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತದ್ದು ಇಂದಿಗೂ ನೆನಪಿದೆ. ಅವರು 90 ನಿಮಿಷ ಓಡಿ ಗಳಿಸಿದ್ದನ್ನು ನಾನು ಒಂದು ಹಾಳೆಯಲ್ಲಿ ಕಳೆದಿದ್ದೆ. ಅಂದಿನಿಂದ ಕಾರ್ಡ್‌ಗಳ ಪುಸ್ತಕ ಬೇರೆಯೇ ಇಟ್ಟೆ. ಪಟ್ಟಿ ಕೊಡುವ ಮುನ್ನ ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಲೇಬೇಕು ಎಂಬ ಪದ್ಧತಿಯನ್ನೂ ಮಾಡಿಕೊಂಡೆ.

ಮೂರು ವರ್ಷದ ನಂತರ ಲೀಗ್ ಕಚೇರಿಗೆ ಬಂದೆ. ಮೊದಲು ಕೈಗೆ ಬಂದದ್ದು ವೇಳಾಪಟ್ಟಿ. 12 ತಂಡಗಳು, ತವರಿನಲ್ಲೊಮ್ಮೆ ಹೊರಗೊಮ್ಮೆ, 22 ಸುತ್ತು, 132 ಪಂದ್ಯ. ಒಂದು ತಂಡವನ್ನು ಕದಲದಂತೆ ಇಟ್ಟು ಉಳಿದ ಹನ್ನೊಂದನ್ನು ಸುತ್ತಿಸುತ್ತಾ ಹೋದರೆ ಜೋಡಿಗಳು ತಾವಾಗಿಯೇ ಸಿಗುತ್ತವೆ. ಕಷ್ಟ ಶುರುವಾಗುವುದು ಅದರ ಮೇಲೆ. ಎರಡು ಕ್ಲಬ್‌ಗಳಿಗೆ ಒಂದೇ ಮೈದಾನವಿದ್ದರೆ ಒಂದು ತವರಿನಲ್ಲಿ ಆಡುವ ವಾರ ಇನ್ನೊಂದು ಹೊರಗಿರಬೇಕು. ಮಳೆಗೆ ನಿಂತ ಪಂದ್ಯವನ್ನು ಎಲ್ಲಾದರೂ ತುರುಕಬೇಕು. ಹಿಂದಿನವರು ಖಾಲಿ ದಿನ ಕಂಡಲ್ಲಿ ಪಂದ್ಯ ಹಾಕಿಬಿಡುತ್ತಿದ್ದರು. ಎರಡು ದಿನದ ಅಂತರದಲ್ಲಿ ಆಡಿದಾಗ ಮೂರನೇ ಬೆಳಿಗ್ಗೆ ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾಗುತ್ತದೆ, ಅದು ನನ್ನ ಮಂಡಿಗೆ ಗೊತ್ತಿತ್ತು. ಎರಡು ಪಂದ್ಯಗಳ ನಡುವೆ ಕನಿಷ್ಠ 72 ಗಂಟೆ ಎಂಬ ಸಾಲನ್ನು ನಮ್ಮ ನಿಯಮಾವಳಿಗೆ ಸೇರಿಸಲು ಎರಡು ವಾರ್ಷಿಕ ಸಭೆಗಳಲ್ಲಿ ವಾದಿಸಿದೆ. ಮೊದಲ ಸಲ ಸೋತೆ. ಎರಡನೇ ಸಲ ಆಟಗಾರರನ್ನೇ ಕರೆತಂದು ಮಾತನಾಡಿಸಿದೆ, ಸಾಲು ಸೇರಿತು. ಕಚೇರಿಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೆ ಅತಿ ಹತ್ತಿರವಾದದ್ದು ಅದೇ.

ಇಟಲಿಯ ಯುವೆಂಟಸ್ ಕ್ಲಬ್‌ನಲ್ಲಿ ಜೊತೆಯಾಗಿ ಆಡಿದ ಇಬ್ಬರಲ್ಲಿ ಫ್ರಾನ್ಸಿನ ಪ್ಲಾಟಿನಿ 2007ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟಕ್ಕೂ, ಬೋನಿಯೆಕ್ 2012ರಲ್ಲಿ ಪೋಲೆಂಡಿನ ಫುಟ್‌ಬಾಲ್ ಸಂಸ್ಥೆಗೂ ಅಧ್ಯಕ್ಷರಾದರು. ಆಟಗಾರ ಆಡಳಿತಕ್ಕೆ ಬಂದ ಎಂದರೆ ಜನರ ಕಣ್ಣ ಮುಂದೆ ಬರುವುದು ಅಂಥ ಕುರ್ಚಿಗಳು. ನನ್ನ ಪ್ರಕಾರ ಆಡಿದವರು ಹೆಚ್ಚು ಬೇಕಾಗಿರುವುದು ಕೆಳಗಿನ ಮೇಜುಗಳಲ್ಲಿ, ಅದರಲ್ಲೂ ನೋಂದಣಿಯ ಮೇಜಿನಲ್ಲಿ.

ಕಾರಣ ಹೇಳುತ್ತೇನೆ. ಒಪ್ಪಂದದ ಅವಧಿ ಮುಗಿಯುವ ಮೊದಲೇ ಆಟಗಾರನೊಬ್ಬ ಹಣಕ್ಕೆ ಪ್ರತಿಯಾಗಿ ಬೇರೆ ದೇಶದ ಕ್ಲಬ್‌ಗೆ ಹೋದರೆ, ಆ ವರ್ಗಾವಣೆ ಮೊತ್ತದ 5 ಶೇಕಡವನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಎನ್ನುತ್ತದೆ ಫಿಫಾ ನಿಯಮ. 15ರವರೆಗಿನ ಪ್ರತಿ ವರ್ಷಕ್ಕೆ ಮೊತ್ತದ 0.25 ಶೇಕಡ, ಆಮೇಲಿನ ಪ್ರತಿ ವರ್ಷಕ್ಕೆ 0.5 ಶೇಕಡ. ನಮ್ಮ ಚಿಕ್ಕ ಕ್ಲಬ್ ಒಂದರ ಹುಡುಗ ಹೀಗೆ ಹೋದ. ಅವನು ಅಲ್ಲಿ 13ರಿಂದ 17ರವರೆಗೆ ಆಡಿದ್ದು ಎಲ್ಲರಿಗೂ ಗೊತ್ತಿತ್ತು, ಆದರೆ ದಾಖಲೆ ಬೇಕಲ್ಲ. ಗೆದ್ದಲು ಹಿಡಿದ ಕಪಾಟಿನಿಂದ ಹಳೆಯ ರಿಜಿಸ್ಟರ್‌ಗಳನ್ನು ತೆಗೆದು ಮೂರು ದಿನ ಹುಡುಕಿದೆವು. ಐದು ಸೀಸನ್‌ಗಳ ನಮೂದೂ ಸಿಕ್ಕಿತು. 1.75 ಶೇಕಡ ಎಂದರೆ ಕೇಳಲು ಪುಡಿಕಾಸು. ಆ ಕ್ಲಬ್ಬಿಗೆ ಅದರಿಂದ ಮೈದಾನದ ಸುತ್ತ ಬೇಲಿ ಬಂತು, ಪೂರ್ಣಾವಧಿಯ ತರಬೇತುದಾರ ಬಂದ.

ಇದೇ ಮೇಜಿನಲ್ಲಿ ಒಂದು ಗೆಳೆತನವನ್ನೂ ಕಳೆದುಕೊಂಡೆ. ಒಂಬತ್ತು ಸೀಸನ್ ನನ್ನ ಪಕ್ಕದಲ್ಲಿ ಆಡಿದವನು ಮಗನ ಜನ್ಮದಿನಾಂಕವನ್ನು ಎರಡು ವರ್ಷ ಇಳಿಸಿ ಅರ್ಜಿ ತಂದ. ಫಿಫಾ 2009ರಿಂದ 17ರೊಳಗಿನವರ ವಿಶ್ವಕಪ್‌ಗೆ ವಯಸ್ಸು ತಿಳಿಯಲು ಮಣಿಕಟ್ಟಿನ ಎಂಆರ್‌ಐ ಪರೀಕ್ಷೆ ಮಾಡಿಸುತ್ತಿದೆ, ಮುಂದೆ ಸಿಕ್ಕಿಬಿದ್ದರೆ ಹುಡುಗನ ಗತಿ ಏನು ಎಂದು ಕೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಅರ್ಜಿಯನ್ನು ನಾನು ಹಿಂದಿರುಗಿಸಿದೆ. ಅವನು ಇಂದಿಗೂ ಮಾತನಾಡುತ್ತಿಲ್ಲ. ಆ ಎರಡು ವರ್ಷ ದೊಡ್ಡ ಹುಡುಗನಿಂದಾಗಿ ತಂಡದಿಂದ ಹೊರಗುಳಿಯಬೇಕಾಗಿದ್ದ ಇನ್ನೊಬ್ಬ ಹುಡುಗನೂ ಯಾರದೋ ಮಗನೇ.

ಈಗ ಹುಡುಗಿಯರ ನೋಂದಣಿಗೆ ಕೈ ಹಾಕಿದ್ದೇನೆ. ಅವರ ಹಳೆಯ ಅರ್ಜಿಗಳು ಬಿಡಿ ಹಾಳೆಗಳಾಗಿಯೇ ಉಳಿದಿವೆ, ಕೆಲವಕ್ಕೆ ದಿನಾಂಕವಿಲ್ಲ, ಕೆಲವಕ್ಕೆ ಕ್ಲಬ್ಬಿನ ಮುದ್ರೆಯಿಲ್ಲ. ಒಂದೊಂದು ಕ್ಲಬ್ಬಿಗೂ ಹೋಗಿ ತರಬೇತುದಾರರ ಎದುರು ಕುಳಿತು ಸರಿಪಡಿಸುತ್ತಿದ್ದೇನೆ. ಐದು ಕ್ಲಬ್ ಮುಗಿದಿವೆ, ಏಳು ಬಾಕಿ.